ಮ್ಯಾಂಟಲ್ ಕಟ್ಟುವ ಕೈ

ಬ್ಯಾಡಗಿ
೧೪ ಮೇ ೧೯೯೪

ಪ್ರೀತಿಯ ಮಗಳು ಕುಲ್ಸುಮಬಿಗೆ ತಾಯಿ ಮೆಹಬೂಬಿಯ ದುವಾ.

ನಿನ್ನ ಎರಡು ಪತ್ರಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮದುವೆಗಳ ಕಾಲ. ನಮ್ಮ ಹನ್ನೆರಡೂ ಗ್ಯಾಸ್‌ಬತ್ತಿಗಳು ಬಾಡಿಗೆಗೆ ಹೋಗಿವೆ. ನಿಮ್ಮಣ್ಣ ಅಲ್ಲಾವುದ್ದೀನ ನಿನ್ನೆ ಕಾಗಿನೆಲೆ, ಇಂದು ಅಗಡಿ ಎಂದು ಓಡಾಡುತ್ತಿದ್ದಾನೆ. ರಾಣೆಬೆನ್ನೂರಿನಲ್ಲಿ ಅಳಿಯಂದಿರ ಕೆಮ್ಮು ಇಳಿಯಿತೇ?

ಡಿಸೆಂಬರಿನಲ್ಲಿ ಧಾರವಾಡದಿಂದ ಒಬ್ಬ ಪ್ರೊಫೆಸರ್ ಅಕ್ಕೋರು ಬಂದಿದ್ದರು. ಒಂದು ವಸ್ತು ಮಣ್ಣಿನಿಂದ ಹೊರಟು ಮತ್ತೆ ಮಣ್ಣು ಸೇರುವವರೆಗೆ ನೀರಿಗೆ, ಗಾಳಿಗೆ, ಮನುಷ್ಯರಿಗೆ ಏನು ಮಾಡುತ್ತದೆ ಎಂದು ಬರೆದಿಡುವುದು ಅವರ ಕೆಲಸವಂತೆ. ಆರಿಸಿಕೊಂಡದ್ದು ಗ್ಯಾಸ್‌ಬತ್ತಿಯ ಮ್ಯಾಂಟಲ್. ಆ ಪುಟ್ಟ ಬಟ್ಟೆಯ ಚೀಲಕ್ಕೆ ಬೆಳಕು ಕೊಡುವುದು ಕೇರಳದ ಕಡಲ ದಂಡೆಯ ಕಪ್ಪು ಮರಳಿನಲ್ಲಿರುವ ವಿರಳ ಖನಿಜಗಳಂತೆ. ಅಲ್ಲಿ ಮರಳು ಹೊರುವ ಹೆಂಗಸರ ಹೆಸರು ಬರೆದುಕೊಂಡಿದ್ದರು. ಇಲ್ಲಿ ಮ್ಯಾಂಟಲ್ ಕಟ್ಟುವವರ ಹೆಸರೂ ವರದಿಯಲ್ಲಿ ಬರಬೇಕು ಎಂದರು.

"ಯಾರು ಕಟ್ತೀರಿ ಇದನ್ನ?"

"ನಾನ ಕಟ್ತೇನ್ರಿ, ಮೂವತ್ತು ವರ್ಷ ಆತು. ಪ್ಯಾಟ್ಯಾಗ ಯಾರನ್ನರ ಕೇಳ್ರಿ," ಎಂದೆ.

ಬತ್ತಿಯ ಮೂತಿಗೆ ನೂಲಿನಿಂದ ಕಟ್ಟಿ ತೋರಿಸಲು ಹೇಳಿದರು. ನಿನ್ನ ಭಾಬಿ ಮುಮ್ತಾಜಬಿಯನ್ನು ಚಹಾಕ್ಕೆಂದು ಒಳಗೆ ಅಟ್ಟಿ ಕಟ್ಟಿದೆ. ಹೊಸ ಮ್ಯಾಂಟಲನ್ನು ಒಮ್ಮೆ ಉರಿಸಿದರೆ ಬಟ್ಟೆ ಸುಟ್ಟು ಬೂದಿಯ ಬಲೆ ಮಾತ್ರ ನಿಲ್ಲಬೇಕು, ನಿನಗೆ ಗೊತ್ತು. ನನ್ನದರ ನೆರಿಗೆ ಒಂದೇ ಕಡೆ ಕೂಡಿತ್ತು. ಉರಿ ಹತ್ತಿದೊಡನೆ ಕಳಚಿ ಬಿತ್ತು. ಎರಡನೆಯದೂ ಬಿತ್ತು.

ಚಹಾ ತಂದವಳು, "ಈ ಸಲದ ಮಾಲ ಖರಾಬ ಐತಿ ಅಮ್ಮಾ, ಇಲ್ಲಿ ಕೊಡ್ರಿ," ಎಂದಳು. ಅದೇ ಪೊಟ್ಟಣದ್ದನ್ನು ಕಟ್ಟಿದಳು. ದುಂಡಗೆ ನಿಂತಿತು. ನನ್ನ ಮಾನ ಮುಚ್ಚಲು ಅವಳು ಯಾರು?

"ಸೊಸಿ ನಿಮ್ಮನ್ನ ಮೀರಿಸ್ಯಾಳಲ್ರಿ," ಎಂದು ಅಕ್ಕೋರು ನಕ್ಕು ಅವಳ ಹೆಸರು ಬರೆದುಕೊಂಡರು. ಫೋಟೋ ತೆಗೆದರು. ನನ್ನನ್ನು ಪಕ್ಕದಲ್ಲಿ ನಿಲ್ಲಲು ಕರೆದರು. ಪಕ್ಕದಲ್ಲಿ ನಿಲ್ಲುವವಳು ನಾನಲ್ಲ. ಆರು ವರ್ಷದ ಹಿಂದೆ ನೂಲು ಹಿಡಿಯಲೂ ಬಾರದವಳಿಗೆ ಕಲಿಸಿದವಳು ನಾನು.

ಕೊನೆಗೆ ಕೇಳಿದರು, "ಒಡದದ್ದರ ಬೂದಿ ಏನ್ ಮಾಡ್ತೀರಿ? ಅದು ಉಸಿರಿನ್ಯಾಗ, ಊಟದಾಗ ಹೋಗಬಾರದ್ರಿ."

"ನಮ್ಮ ಸೊಸಿ ಅದರಿಂದ ಹಿತ್ತಾಳಿ ಭಾಂಡೆ ಬೆಳಗತಾಳ್ರಿ," ಎಂದೆ.

ಅಕ್ಕೋರ ಮುಖ ಸಣ್ಣದಾಯಿತು. ಅದನ್ನೂ ಬರೆದುಕೊಂಡರು. ಅವಳು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮೊಹರಮ್ಮಿಗೆ ಮಕ್ಕಳನ್ನು ಕರೆದುಕೊಂಡು ಬಾ. ಅಲ್ಲಾಹನು ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ ತಾಯಿ,
ಮೆಹಬೂಬಿ

ತಾ.ಕ.: ಅಕ್ಕೋರ ವರದಿ ನಿನ್ನೆ ಟಪಾಲಿನಲ್ಲಿ ಬಂತು. ಸಣ್ಣ ಅಚ್ಚು ನನಗೆ ಕಾಣದು, ಮುಮ್ತಾಜಬಿಯೇ ಓದಿದಳು. ಭಾಂಡೆಯ ಸಾಲನ್ನೂ ಅದರ ಜೊತೆಗಿದ್ದ ತನ್ನ ಹೆಸರನ್ನೂ ತಡವರಿಸದೆ ಓದಿದಳು. ಮಗಳೇ, ಆ ಬೂದಿಯಿಂದ ಭಾಂಡೆ ಬೆಳಗಿದವಳು ನಾನು. ನಿಮಗೆಲ್ಲ ಅದರಲ್ಲೇ ಉಣಿಸಿದ್ದೇನೆ. ಅವಳು ಬಂದ ಮೇಲೆ ಅದನ್ನು ಬಿಡಿಸಿ, ಬೂದಿಯನ್ನು ಹಿತ್ತಲಲ್ಲಿ ಹೂಳುತ್ತಿದ್ದಾಳೆ. ಓದಿ ಮುಗಿಸಿ, "ಅಕ್ಕೋರಿಗೆ ಒಂದು ಕಾಗದ ಬರೀಲೇನು ಅಮ್ಮಾ?" ಎಂದಳು. ಏನೆಂದು ಕೇಳಿದೆ. "ಕಲಿಸಿದವರು ನೀವು, ನಿಮ್ಮ ಹೆಸರು ಬಿಟ್ಟಾರ ಅಂತ," ಎಂದಳು.

ಬೇಡ ಎಂದು ನಾನು ಹೇಳಲಿಲ್ಲ.