ನೀರಿನ ಕಡೆಯ ಮಾತು

ಪತ್ರಿಕಾ ನೈತಿಕತೆ ನಿಯಂತ್ರಣ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ನಾಲ್ಕು ಪುಟದ ಪತ್ರಿಕೆಯ ನೈತಿಕತೆ ಕಾಯಲು ತಾವು ಕಳಿಸಿದ ವೀಕ್ಷಕರು ಆಸ್ಪತ್ರೆಯಲ್ಲಿದ್ದಾರೆ. ಈ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಹಾಕುವಂತಿಲ್ಲ. ವೀಕ್ಷಕರ ಒಪ್ಪಿಗೆಯಿಲ್ಲದೆ ಏನೂ ಅಚ್ಚಾಗಬಾರದೆಂದು ತಮ್ಮ ಆದೇಶ. ಅವರ ಒಪ್ಪಿಗೆಗೆ ಈಗ ತಮ್ಮ ಒಪ್ಪಿಗೆಯಿಲ್ಲ. ಆದ್ದರಿಂದ ಈ ಪತ್ರವನ್ನು ಕರಪತ್ರವಾಗಿ ಹಂಚುತ್ತಿದ್ದೇನೆ. ಕರಪತ್ರಗಳಿಗೆ ತಾವು ಇನ್ನೂ ನೈತಿಕತೆ ಕರುಣಿಸಿಲ್ಲವಷ್ಟೆ?

ವೀಕ್ಷಕರು ಒಳ್ಳೆಯ ಮನುಷ್ಯ. ತೊಂದರೆಯಾದದ್ದೇ ಅದರಿಂದ. ಲಂಚಕೋರನಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಇವರು ಇಲಾಖೆಯ ನಿಯಮಾವಳಿಯನ್ನು ನಿಜವಾಗಿ ನಂಬಿದ್ದರು.

ನಮ್ಮ ಬೀದಿಯಲ್ಲಿ ಚರಂಡಿಯ ಕೊಳವೆ ಒಡೆದು ಕೊಳಚೆ ಕುಡಿಯುವ ನೀರಿಗೆ ಸೇರಿತು. ಮನೆಮನೆಯಲ್ಲೂ ವಾಂತಿ. ನನ್ನ ನಾದಿನಿಯ ಮಗಳಿಗೆ ಡ್ರಿಪ್ ಹಾಕಿಸಬೇಕಾಯಿತು. 'ನಲ್ಲಿ ನೀರು ಕುಡಿಯಬೇಡಿ' ಎಂದು ನಾನು ಸುದ್ದಿ ಬರೆದೆ. ವೀಕ್ಷಕರು ಓದಿ ಕನ್ನಡಕ ತೆಗೆದರು.

"ಸಾರ್, ಇದು ಒಂದೇ ಕಡೆಯ ಮಾತಾಯ್ತಲ್ಲ?"

"ಇನ್ನೊಂದು ಕಡೆ ಯಾರದ್ದು ಸ್ವಾಮಿ?"

"ನೀರಿಂದು."

ನೀರು ಸರಬರಾಜಿನ ಇಂಜಿನಿಯರು ಫೋನ್ ಎತ್ತಲಿಲ್ಲ. ನೀರು ಚೆನ್ನಾಗಿದೆ ಎನ್ನುವ ಒಬ್ಬನಾದರೂ ಸಿಕ್ಕಾನೆಂದು ಇಬ್ಬರೂ ಬೀದಿ ಸುತ್ತಿದೆವು. ಕ್ಷೌರಿಕ ಹೊಟ್ಟೆ ಹಿಡಿದುಕೊಂಡೇ ಹೇಳಿದ: "ಚೆನ್ನಾಗಿದೆ ಅನ್ನೋಕೆ ಬಾಯಿ ತೆಗೀಬೇಕಲ್ಲಣ್ಣ, ತೆಗೆದ್ರೆ ಬೇರೆ ಏನೋ ಬರುತ್ತೆ."

ಕಚೇರಿಗೆ ಮರಳಿದ ಮೇಲೆ ವೀಕ್ಷಕರು ಗಂಭೀರವಾಗಿ ನಲ್ಲಿಯ ಬಳಿ ಹೋದರು. "ಹಾಗಾದ್ರೆ ಆ ಕಡೆಯವನು ನಾನೇ ಆಗ್ತೀನಿ" ಎಂದು ಲೋಟ ತುಂಬಿಸಿದರು. ಪುಟ ಜೋಡಿಸುತ್ತಿದ್ದ ನನ್ನ ಹೆಂಡತಿ "ಅಯ್ಯೋ, ಬೇಡ ಅಣ್ಣಾ!" ಎಂದು ಓಡಿ ಬರುವಷ್ಟರಲ್ಲಿ ಲೋಟ ಖಾಲಿ. ಅವರು ಬಾಯಿ ಒರೆಸಿಕೊಂಡು, "ವಾಸನೆ ಇದೆ. ಆದ್ರೆ ಕೆಟ್ಟದ್ದು ಅನ್ನೋದು ಅಭಿಪ್ರಾಯ, ಸುದ್ದಿ ಅಲ್ಲ" ಎಂದರು.

ಸಂಜೆಯ ಹೊತ್ತಿಗೆ ಆ ಅಭಿಪ್ರಾಯ ಅವರನ್ನು ನೆಲದ ಮೇಲೆ ಹೊರಳಾಡಿಸಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನ್ನ ಕೈ ಹಿಡಿದು, "ಒಪ್ಪಿಗೆ ಸಾರ್... ಹಾಕಿಬಿಡಿ" ಎಂದರು. ತಮ್ಮ ಕಚೇರಿಗೆ ಫೋನ್ ಮಾಡಿದೆ. ಸಿಕ್ಕ ಉತ್ತರ: ವೀಕ್ಷಕರು ಈಗ ಸ್ವತಃ ಸುದ್ದಿಯ ಭಾಗವಾಗಿರುವುದರಿಂದ ಅವರ ಒಪ್ಪಿಗೆ ನಿಷ್ಪಕ್ಷಪಾತವಲ್ಲ!

ಮಾನ್ಯರೇ, ಸುಳ್ಳು ಬರೆಯುವ ಪತ್ರಕರ್ತರಿದ್ದಾರೆ, ಕಾಸಿಗೆ ಬರೆಯುವವರೂ ಇದ್ದಾರೆ. ಅವರ ಕಿವಿ ಹಿಂಡಿ, ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ನರಳುವ ಮಕ್ಕಳಿದ್ದು ಇನ್ನೊಂದು ಖಾಲಿಯಿದ್ದರೆ, ಅದಕ್ಕೆ ಯಾರನ್ನಾದರೂ ಎಳೆತಂದು ಕೂರಿಸಲೇಬೇಕೆ? ಅದನ್ನು ನ್ಯಾಯ ಎನ್ನುತ್ತಾರೋ, ತೂಕದಲ್ಲಿ ಮೋಸ ಎನ್ನುತ್ತಾರೋ?

ನನ್ನ ಹೆಂಡತಿಗೆ ಇಷ್ಟೆಲ್ಲ ವಾದ ಬೇಕಾಗಲಿಲ್ಲ. ಬಣ್ಣದ ಡಬ್ಬಿ ಹಿಡಿದು ಹೋಗಿ ಬೀದಿಯ ಗೋಡೆಯ ಮೇಲೆ ಬರೆದಳು: 'ಈ ನೀರು ಕುಡೀಬೇಡಿ.' ಬೀದಿ ಕುಡಿಯುವುದನ್ನು ನಿಲ್ಲಿಸಿತು. ಮರುದಿನವೇ ತಮ್ಮ ನೋಟಿಸು ಬಂತು: ಸದರಿ ಗೋಡೆಯು ನೋಂದಾಯಿಸದ ಪತ್ರಿಕೆಯಾಗಿದ್ದು, ಅದಕ್ಕೂ ವೀಕ್ಷಕರನ್ನು ನೇಮಿಸಲಾಗುವುದು.

"ಬರ್ಲಿ ರೀ" ಎಂದಳು ಇವಳು. "ಬರುವಾಗ ನೀರು ಮನೆಯಿಂದ ತರೋಕೆ ಹೇಳಿ."

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಇಲಾಖೆಯಿಂದ ಯಾರೂ ನೋಡಲು ಬಂದಿರಲಿಲ್ಲ. ವೀಕ್ಷಕರು ಕ್ಷೀಣದನಿಯಲ್ಲಿ ಕೇಳಿದರು: "ಸುದ್ದಿ ಬಂತಾ ಸಾರ್?"

ಇಲ್ಲವೆಂದೆ. ಅವರು ಕಷ್ಟಪಟ್ಟು ಎದ್ದು ಕೂತರು. ಆಮೇಲೆ, "ಪಕ್ಕದ ಬೀದಿಯವರಿಗೆ ಗೊತ್ತೋ ಇಲ್ವೋ" ಎಂದರು.

ಹಾಗಾಗಿ ನಾಳೆಯ ಮೊದಲ ಪುಟದಲ್ಲಿ ಸುದ್ದಿ ಬರುತ್ತದೆ, ಯಾರ ಒಪ್ಪಿಗೆಯೂ ಇಲ್ಲದೆ. ತಾವು ಕೈಗೊಳ್ಳುವ ಕ್ರಮಕ್ಕೆ ಸಿದ್ಧನಿದ್ದೇನೆ. ನನ್ನ ಬೇಡಿಕೆ ಒಂದೇ: ಮುಂದಿನ ವೀಕ್ಷಕರನ್ನು ಕಳಿಸುವ ಮೊದಲು ದಯವಿಟ್ಟು ಒಬ್ಬ ಪ್ಲಂಬರನ್ನು ಕಳಿಸಿ.

ಇಂತಿ,
ಹೆಂಡತಿಯ ಗೋಡೆಗಿಂತ ದಿನಗಟ್ಟಲೆ ತಡವಾಗಿ ಸುದ್ದಿ ಕೊಡುತ್ತಿರುವ,
ನಾಚಿಕೆಪಟ್ಟ ಸಂಪಾದಕ