ಜಗಲಿಯ ಮೇಲಿನ ಬಿಳಿ ಹೂವು

ಪ್ರೀತಿಯ ವೈನಿ,

ಹೋದ ವರ್ಷ ಸೊಲ್ಲಾಪುರದ ಒಂದು ನರ್ಸರಿಯಲ್ಲಿ ಇಡೀ ದಿನ ಕಳೆದೆ. ಮಗಳಿಗೆ ಗುಲಾಬಿ ಕೊಳ್ಳಲು ಹೋಗಿದ್ದೆ. ಪಕ್ಕದಲ್ಲಿ ಹತ್ತಿಯ ಎಲೆಯಂಥ ಅಗಲ ಎಲೆಯ, ಆಳೆತ್ತರದ ಗಿಡ. ಮುಟ್ಟಿದೆ, ಒರಟು. ನೀವು ಅಣ್ಣನ ಕೈಹಿಡಿದು ನಮ್ಮೂರು ವಾಗದರಿಗೆ ಬಂದ ಮೇಲೆ ಅಂಗಳದಲ್ಲಿ ಹಚ್ಚಿದ್ದ ಗಿಡವೇ. "ಇದು ಕೆಂಪ ಹೂವಿಂದಲ್ರಿ?" ಎಂದೆ. ಮಾಲಿ ನಕ್ಕ. "ಸ್ಥಲಕಮಲ ಅಂತಾರ ಅಕ್ಕಾರ. ಮುಂಜಾನಿ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜಿಗಿ ಕೆಂಪ. ಅದೇ ಹೂ." ನಾನು ನಂಬಲಿಲ್ಲ. ಗಿಡದಲ್ಲಿದ್ದ ಬಿಳಿ ಹೂವನ್ನು ನೋಡುತ್ತಾ ಸಂಜೆಯವರೆಗೆ ಅಲ್ಲೇ ಕಾದೆ. ಅವನು ಹೇಳಿದಂತೆಯೇ ಆಯಿತು, ವೈನಿ.

ಇಪ್ಪತ್ತು ವರ್ಷದ ಹಿಂದಿನ ಆ ದಿನ ನೆನಪಿದೆಯೇ? ನಿಮ್ಮ ಗಿಡ ಮೊದಲ ಸಲ ಎರಡು ಹೂ ಬಿಟ್ಟಿತ್ತು. ನಾನು ನಸುಕಿನ ಬಸ್ಸಿಗೆ ಅಕ್ಕಲಕೋಟೆಯ ಕಾಲೇಜಿಗೆ ಹೋಗಿದ್ದೆ, ಅವ್ವ ಹೊಲಕ್ಕೆ. ನೀವು ಒಂದು ಹೂವನ್ನು ದೇವರ ಜಗಲಿಗೆ ಏರಿಸಿದಿರಿ. ನಮ್ಮ ಮನೆಯ ಬೀರಪ್ಪನಿಗೆ ಬಿಳಿ ಹೂ ಬಿಟ್ಟು ಬೇರೆ ನಡೆಯದು. ಸಂಜೆ ದೀಪ ಹಚ್ಚಲು ಬಂದ ಅವ್ವನಿಗೆ ಕಂಡದ್ದು ಕೆಂಪು. "ಬಿಳೀದೇ ಇಟ್ಟೀನ್ರಿ ಅತ್ತಿ," ಎಂದಿರಿ. ಆಗಷ್ಟೇ ಕಾಲೇಜಿನಿಂದ ಮರಳಿದ್ದ ನನ್ನನ್ನು ಅವ್ವ ಅಂಗಳಕ್ಕೆ ಕಳಿಸಿದಳು. ನೋಡಿ ಬಂದು ನಾನೇ ಹೇಳಿದೆ: "ಗಿಡದಾಗೂ ಕೆಂಪೇ ಐತಿ. ವೈನಿ ಸುಳ್ಳ ಹೇಳಾಕತ್ತಾರ." ಅಷ್ಟು ಸಾಕಾಯಿತು. ಗಿಡ ಬೇರುಸಹಿತ ತಿಪ್ಪೆಗೆ ಹೋಯಿತು. ನೀವು ಕೊನೆಯವರೆಗೂ ಜಗಲಿ ಮುಟ್ಟಲಿಲ್ಲ.

ಒಮ್ಮೆ ರೊಟ್ಟಿ ಬಡಿಯುತ್ತಾ ಕೇಳಿದ್ದಿರಿ: "ನೀಲಾ, ನನ್ನ ಕಣ್ಣೇ ಸುಳ್ಳ ಹೇಳಿದ್ವೇನ?" ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಒಂದು ದಿನ ತಡೆದು ಮರುದಿನದ ಮೊಗ್ಗು ನೋಡೋಣವೆಂದು ಕಾಲೇಜು ಕಲಿತವಳಿಗೆ ಏಕೆ ತೋಚಲಿಲ್ಲ? ನಿಮ್ಮ ಕಣ್ಣನ್ನೇ ನೀವು ಅನುಮಾನಿಸುವಂತೆ ಮಾಡಿದೆನಲ್ಲ, ನಾನು...

ಮಾಲಿ ಆ ಗಿಡದ ಎರಡು ಕಡ್ಡಿ ಕತ್ತರಿಸಿ ಕೊಟ್ಟ. ಮೊದಲನೆಯದು ನಮ್ಮ ಕರಿಮಣ್ಣಿನಲ್ಲಿ ನೀರು ಹೆಚ್ಚಾಗಿ ಕೊಳೆಯಿತು. ಎರಡನೆಯದಕ್ಕೆ ನಿಮ್ಮ ಹಾಗೆ ಮರಳು, ಕುರಿಗೊಬ್ಬರ ಬೆರೆಸಿ, ಮಣ್ಣಿಗೆ ಬೆರಳು ಇಳಿಸಿ ನೋಡಿಯೇ ನೀರು ಹಾಕಿದೆ. ಚಿಗುರಿತು. ಬರೀ ಬಾಯಿಮಾತನ್ನು ಅವ್ವ ನಂಬುವವಳಲ್ಲ. ಅದಕ್ಕೇ ಮೊಗ್ಗು ಬಂದ ಮೇಲೆ ಕುಂಡವನ್ನು ವಾಗದರಿಗೆ ಒಯ್ದೆ.

ನಿನ್ನೆ ಬೆಳಿಗ್ಗೆ ಅವ್ವನ ಕೈಯಿಂದಲೇ ಬಿಳಿ ಹೂವನ್ನು ಜಗಲಿಯ ಮೇಲೆ ಇಡಿಸಿದೆ. "ಇಲ್ಲೇ ಕುಂದ್ರವ್ವ, ಕದಲಬ್ಯಾಡ," ಎಂದೆ. ಊಟವನ್ನೂ ಅಲ್ಲೇ ಮಾಡಿದಳು. ಸಂಜೆ ಹೂ ಕೆಂಪಾದಾಗ ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ, "ಆಕಿಗಿ ತಿಳಸು," ಎಂದಳು. ನೀವು ತೀರಿಹೋಗಿ ಮೂರು ವರ್ಷವಾಯಿತೆಂದು ನಾನೂ ನೆನಪಿಸಲಿಲ್ಲ. ಇವತ್ತು ಗಿಡವನ್ನು ನಿಮ್ಮ ಗಿಡದ ಹಳೇ ಜಾಗದಲ್ಲೇ ಹಚ್ಚಿಸಿದ್ದಾಳೆ.

ಅದಕ್ಕೇ ತಿಳಿಸುತ್ತಿದ್ದೇನೆ. ನೀವು ಇಟ್ಟದ್ದು ಬಿಳಿ ಹೂವೇ, ವೈನಿ.

ನಿಮ್ಮ ನೀಲಾ