ಅಪ್ಪನ ಹಿತ್ತಿಲ ಮಣ್ಣು

ಮನೆಯಿಂದ,
ಜೂನ್ 15, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಭಾವ ಈಗಲಾದರೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೋ ಇಲ್ಲವೋ? ನಿನ್ನ ಮಗಳು ಪುಟ್ಟಿ ಸರಿಯಾಗಿ ಉಣ್ಣುತ್ತಾಳಾ, ನಿದ್ದೆ ಮಾಡುತ್ತಾಳಾ? ಬಾಯಿಮಾತಿಗೆ ಕೇಳುತ್ತಿಲ್ಲ, ವಿವರವಾಗಿ ಬರೆ. ಅಪ್ಪ ಇದ್ದಾರೆ. ಬ್ಯಾಟರಿ ಅಂಗಡಿ ಮುಚ್ಚಿದ ಮೇಲೆ ಅವರ ಜೀವವೆಲ್ಲ ಹಿತ್ತಿಲಲ್ಲೇ ಇತ್ತಲ್ಲ. "ನನ್ನ ಮಣ್ಣಲ್ಲಿ ಒಂದ್ ಹುಳ ಇಲ್ಲ ನೋಡಿ, ಕ್ಯಾರೆಟ್‌ಗೆ ಒಂದ್ ತೂತು ಬಿದ್ದಿಲ್ಲ" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ನಾನೂ ಹೌದೌದು ಎನ್ನುತ್ತಿದ್ದೆ. ನೀವೆಲ್ಲ 'ಮಣ್ಣಿನ ಡಾಕ್ಟ್ರು' ಎಂದು ರೇಗಿಸುವ ನಾನು!

ನಮ್ಮ ಪ್ರಯೋಗಾಲಯದ ಕೆಲಸ ನಿನಗೆ ಯಾವತ್ತೂ ತಮಾಷೆ. ಆದರೂ ಕೇಳು. ಮಣ್ಣಲ್ಲಿ ಎಷ್ಟು ಸೀಸವಿದೆ ಎಂದು ಯಂತ್ರ ಹೇಳುತ್ತದೆ. ಅದು ಜೀವಕ್ಕೆ ಎಷ್ಟು ಕೇಡು ಎಂದು ಹೇಳಬೇಕಾದದ್ದು ಎರೆಹುಳು. ಡಬ್ಬಿಯ ಅರ್ಧಕ್ಕೆ ಒಳ್ಳೆಯ ಮಣ್ಣು, ಇನ್ನರ್ಧಕ್ಕೆ ಅನುಮಾನದ ಮಣ್ಣು ತುಂಬಿ ನಡುವೆ ಹುಳುಗಳನ್ನು ಬಿಡುತ್ತೇವೆ. ಎರಡು ದಿನ ಬಿಟ್ಟು ಯಾವ ಕಡೆ ಸೇರಿಕೊಂಡಿವೆ ಎಂದು ನೋಡುತ್ತೇವೆ. ಹೋದ ವಾರ ಹೊಸ ಹುಳುಗಳು ಬಂದವು. ಅವು ಆರೋಗ್ಯವಾಗಿವೆಯೇ ಎಂದು ತಿಳಿಯಲು ಮೊದಲು ಎರಡೂ ಕಡೆ ಒಳ್ಳೆಯ ಮಣ್ಣನ್ನೇ ಹಾಕಬೇಕು; ಆಗ ಅವು ಎರಡೂ ಕಡೆ ಸಮನಾಗಿ ಹರಡಿಕೊಳ್ಳಬೇಕು. ನಮ್ಮಲ್ಲಿದ್ದದ್ದು ಅರ್ಧಕ್ಕಷ್ಟೇ ಸಾಕಾಯಿತು. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಕ್ಕೀತು ಎಂದುಕೊಂಡು ಅಪ್ಪನ ಹಿತ್ತಿಲಿಂದ ಒಂದು ಚೀಲ ಹೊತ್ತೊಯ್ದೆ.

ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಅಪ್ಪನ ಮಣ್ಣಿನ ಕಡೆ ಒಂದು ಹುಳುವೂ ಇಲ್ಲ. ಎಲ್ಲವೂ ಆಚೆ ಮೂಲೆಗೆ ಒತ್ತಿಕೊಂಡು ಮುದ್ದೆಯಾಗಿದ್ದವು. ಯಂತ್ರಕ್ಕೂ ಹಾಕಿ ನೋಡಿದೆ. ಸೀಸ ಮಿತಿಮೀರಿ ಇದೆ. ನಾವು ಚಿಕ್ಕವರಿದ್ದಾಗ ಅಪ್ಪ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದದ್ದು ಅಲ್ಲೇ ಅಲ್ಲವೇ? ನಮ್ಮ ಹೊಟ್ಟೆ ತುಂಬಿಸಲು ತಾನೇ? ಯಾರ ಮೇಲೆ ಸಿಟ್ಟು ಮಾಡಲಿ ಅಕ್ಕಾ, ಬರೀ ಅಳು ಬರುತ್ತಿದೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಯ ಕೆನ್ನೆಗೆ ನನ್ನ ಮುತ್ತು.

ನಿನ್ನ
ತಂಗಿ

ತಾ.ಕ.: ಸುತ್ತಿ ಬಳಸಿ ಬರೆದದ್ದು ಸಾಕು, ಅಂಚೆ ಹೊರಡುವ ಹೊತ್ತಾಯಿತು. ಪುಟ್ಟಿ ಬೇಸಿಗೆಯೆಲ್ಲ ಆ ಮಣ್ಣಲ್ಲೇ ಕೂತು, ಕ್ಯಾರೆಟ್ ಕಿತ್ತು ಫ್ರಾಕಿಗೆ ಒರೆಸಿ ತಿನ್ನುತ್ತಿದ್ದಳು. ಕಾಗದ ತಲುಪಿದ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅವಳ ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸು. ಅಪ್ಪ ಕಳಿಸಿದ ತರಕಾರಿ ಉಳಿದಿದ್ದರೆ ಎಸೆದುಬಿಡು. ನಿನ್ನೆ ಅವರಿಗೂ ಹೇಳಿದೆ. ಮಣ್ಣಿನ ಬಗ್ಗೆ ಏನೂ ಕೇಳಲಿಲ್ಲ. "ಪುಟ್ಟಿ ಎಷ್ಟು ತಿಂದಿರ್ಬೋದು?" ಅಂದರು. ಬೆಳಿಗ್ಗೆ ಎದ್ದು ಮತ್ತೆ ಅದನ್ನೇ ಕೇಳಿದರು.